ಮೂಳೆ ಮಾತ್ರೆ ಎಷ್ಟು ದಿನ ನುಂಗುತ್ತೀರಿ?

ಚಿಂತಾಮಣಿಯಲ್ಲಿ ನನ್ನದೊಂದು ಮೆಡಿಕಲ್ ಸ್ಟೋರ್ ಇದೆ. ಕ್ಯಾಲ್ಸಿಯಂ ಮಾತ್ರೆ ಮಾರಿದರೆ ನನಗೂ ನಾಲ್ಕು ಕಾಸು ಗಿಟ್ಟುತ್ತದೆ. ಇದನ್ನೆಲ್ಲ ಬರೆದರೆ ನಮ್ಮ ಹೊಟ್ಟೆ ಮೇಲೆ ನಾವೇ ಹೊಡೆದುಕೊಂಡಂತೆ ಅಂತ ಅಂಗಡಿ ಹುಡುಗ ಗೊಣಗುತ್ತಾನೆ. ಗೊಣಗಲಿ ಬಿಡಿ.

ಜ್ವರದ ಮಾತ್ರೆ ಕೊಂಡವರು ಎಷ್ಟು ದಿನ ಅಂತ ಕೇಳುತ್ತಾರೆ. ಕೆಮ್ಮಿನ ಔಷಧಿ ಕೊಂಡವರು ಊಟಕ್ಕೆ ಮುಂಚೆಯಾ ಆಮೇಲಾ ಅಂತ ಕೇಳುತ್ತಾರೆ. ಕ್ಯಾಲ್ಸಿಯಂ ಕೊಂಡವರು ಮಾತ್ರ ಏನೂ ಕೇಳುವುದಿಲ್ಲ. "ಅಣ್ಣಾ, ಮೂಳೆ ಮಾತ್ರೆ ಒಂದು ಶೀಟ್ ಕೊಡಿ." ಅಷ್ಟೇ. ಡಾಕ್ಟರ ಚೀಟಿ ಇರುವುದಿಲ್ಲ. ಸೆರಗಿನ ಗಂಟಿನಲ್ಲೋ ಜೇಬಿನಲ್ಲೋ ಹಳೇ ಶೀಟಿನ ಒಂದು ತುಂಡು ಇರುತ್ತದೆ. ಕತ್ತರಿಸಿ ಕತ್ತರಿಸಿ ಕೊನೆಗೆ ಉಳಿದ ತುಂಡು. ಹೆಸರಿನ ಅರ್ಧ ಅಕ್ಷರ ಕತ್ತರಿಗೆ ಹೋಗಿರುತ್ತದೆ, ಡೇಟು ಇದ್ದ ಕಡೆ ಮಾತ್ರೆ ಒಡೆದು ತೆಗೆದು ತೂತಾಗಿರುತ್ತದೆ, ಉಳಿದಿದ್ದು 500 ಅನ್ನೋ ಅಂಕಿ ಒಂದೇ. ಪ್ಯಾರಸಿಟಮಾಲೂ 500 ಬರುತ್ತದೆ, ಶುಗರ್‌ಗೆ ಕೊಡುವ ಮೆಟ್‌ಫಾರ್ಮಿನ್ನೂ 500 ಬರುತ್ತದೆ. ಆಮೇಲೆ ಬಣ್ಣ ಯಾವುದು, ಉದ್ದಕಿತ್ತಾ ದುಂಡಗಿತ್ತಾ ಅಂತ ಕೇಳಿ ಕೇಳಿ ಗುರುತು ಹಿಡಿಯಬೇಕು.

ಯಾವಾಗಿಂದ ತಗೊಳ್ತಿದ್ದೀರಿ ಅಂದರೆ "ಕೊರೊನಾ ಟೈಮಿಂದ" ಅನ್ನುವವರಿದ್ದಾರೆ. "ಮಗಳ ಬಾಣಂತನ ಆದಾಗಿಂದ" ಅನ್ನುವವರೂ ಇದ್ದಾರೆ, ಆ ಮಗಳ ಮಗು ಈಗ ಸ್ಕೂಲಿಗೆ ಹೋಗುತ್ತಿರುತ್ತದೆ. ಯಾರು ಬರೆದುಕೊಟ್ಟಿದ್ದು ಅಂದರೆ ನನ್ನ ಮುಖವನ್ನೇ ನೋಡುತ್ತಾರೆ. ಇದಕ್ಕೂ ಬರೆದುಕೊಡಬೇಕಾ, ಬರೀ ಶಕ್ತಿ ಮಾತ್ರೆ ಅಲ್ವಾ?

ಅಲ್ಲ ಅಂತ ಹೇಳುವುದಕ್ಕೇ ಇಷ್ಟು ಬರೆಯುತ್ತಿದ್ದೇನೆ.

ದೊಡ್ಡವರ ಮೈಯಲ್ಲಿ ಒಟ್ಟು 1 ಕೆಜಿಯ ಆಸುಪಾಸು ಕ್ಯಾಲ್ಸಿಯಂ ಇರುತ್ತದೆ. ಅದರಲ್ಲಿ ನೂರಕ್ಕೆ 99 ಪಾಲು ಮೂಳೆ ಮತ್ತು ಹಲ್ಲಿನಲ್ಲಿ. ಜಾಹೀರಾತುಗಳೆಲ್ಲ ಮಾತಾಡುವುದು ಈ 99ರ ಬಗ್ಗೆಯೇ. ಉಳಿದ 1 ಪಾಲು ರಕ್ತದಲ್ಲಿ, ಸ್ನಾಯುಗಳಲ್ಲಿ, ನರಗಳಲ್ಲಿ ಇರುತ್ತದೆ, ಮತ್ತು ಜೀವ ನಡೆಯುವುದು ಈ ಚೂರಿನಿಂದಲೇ. ನೀವು ಕೈ ಎತ್ತಬೇಕಾದರೆ ಸ್ನಾಯು ಬಿಗಿಯಬೇಕು, ಬಿಗಿಯುವುದಕ್ಕೆ ಕ್ಯಾಲ್ಸಿಯಂ ಬೇಕು. ಒಂದು ನರ ಪಕ್ಕದ ನರಕ್ಕೆ ಸುದ್ದಿ ಮುಟ್ಟಿಸಬೇಕಾದರೂ ಬೇಕು. ಕುಡುಗೋಲು ತಗಲಿ ಬೆರಳು ಕುಯ್ದರೆ ರಕ್ತ ಹೆಪ್ಪುಗಟ್ಟುವುದಕ್ಕೂ ಬೇಕು. ಎದೆ ಬಡಿತಕ್ಕಂತೂ ಬೇಕೇ ಬೇಕು.

ಎದೆ ಬಡಿತದ ವಿಷಯ ಗೊತ್ತಾಗಿದ್ದು ಒಂದು ತಮಾಷೆಯ ಕಥೆ. 1880ರ ದಶಕದ ಶುರುವಿನಲ್ಲಿ ಲಂಡನ್ನಿನಲ್ಲಿ ಸಿಡ್ನಿ ರಿಂಗರ್ ಅನ್ನುವ ವೈದ್ಯರು ಕಪ್ಪೆಯ ಹೃದಯವನ್ನು ಹೊರಗೆ ತೆಗೆದು ಉಪ್ಪುನೀರಿನಲ್ಲಿ ಇಟ್ಟು ಪರೀಕ್ಷೆ ಮಾಡುತ್ತಿದ್ದರು. ಒಮ್ಮೆ ಹೃದಯ ಗಂಟೆಗಟ್ಟಲೆ ಬಡಿದುಕೊಂಡೇ ಇತ್ತು. ಯಾಕೆ ಅಂತ ನೋಡಿದರೆ, ಆ ಸಲ ಉಪ್ಪುನೀರು ಮಾಡುವುದಕ್ಕೆ ಬಟ್ಟಿ ಇಳಿಸಿದ ಶುದ್ಧ ನೀರಿನ ಬದಲು ಲಂಡನ್ನಿನ ನಲ್ಲಿ ನೀರು ಹಾಕಿದ್ದರು. ಆ ನಲ್ಲಿ ನೀರಿನಲ್ಲಿ ಕ್ಯಾಲ್ಸಿಯಂ ಇತ್ತು. ಶುದ್ಧ ನೀರಿನಲ್ಲಿ ಮಾಡಿದರೆ ಹೃದಯ ಬೇಗ ಸೋತು ನಿಲ್ಲುತ್ತಿತ್ತು. ಸುಸ್ತು ಅಂತ ಹೋದರೆ ನಮ್ಮ ಕಡೆ "ಗ್ಲೂಕೋಸ್ ಹಾಕಿಸಿಕೊಂಡೆ" ಅನ್ನುತ್ತಾರಲ್ಲ, ಎಷ್ಟೋ ಸಲ ಆ ಬಾಟಲಿ ಮೇಲೆ ಆರ್‌ಎಲ್ ಅಂತ ಇರುತ್ತದೆ. ರಿಂಗರ್ ಲ್ಯಾಕ್ಟೇಟ್. ಅದರಲ್ಲಿರುವ ರಿಂಗರ್ ಇವರೇ. ಆ ಬಾಟಲಿಯಲ್ಲಿ ಈಗಲೂ ಚೂರು ಕ್ಯಾಲ್ಸಿಯಂ ಇರುತ್ತದೆ.

ಇಷ್ಟು ಮುಖ್ಯವಾದ ಕೆಲಸ ಇರುವುದರಿಂದಲೇ ರಕ್ತದ ಕ್ಯಾಲ್ಸಿಯಂ ಅನ್ನು ದೇಹ ಬಿಗಿಯಾಗಿ ಕಾಯುತ್ತದೆ. ಒಂದು ಡೆಸಿಲೀಟರಿಗೆ ಸುಮಾರು 8.5ರಿಂದ 10.5 ಮಿಲಿಗ್ರಾಂ. ಆ ಕಡೆ ಈ ಕಡೆ ಜಾಸ್ತಿ ಅಲುಗಾಡುವ ಹಾಗಿಲ್ಲ. ಕಾಯುವ ಕೆಲಸ ಗಂಟಲಲ್ಲಿ ಥೈರಾಯ್ಡ್ ಹಿಂದೆ ಕೂತಿರುವ ನಾಲ್ಕು ಪುಟ್ಟ ಗ್ರಂಥಿಗಳದು, ಪ್ಯಾರಾಥೈರಾಯ್ಡ್ ಅಂತ ಹೆಸರು. ರಕ್ತದಲ್ಲಿ ಸ್ವಲ್ಪ ಇಳಿದರೂ ಇವು ಹಾರ್ಮೋನ್ ಬಿಡುತ್ತವೆ. ಕಿಡ್ನಿ ಮೂತ್ರದಲ್ಲಿ ಹೋಗುವ ಕ್ಯಾಲ್ಸಿಯಂ ಅನ್ನು ತಡೆದು ವಾಪಸ್ ಕಳಿಸುತ್ತದೆ, ವಿಟಮಿನ್ ಡಿ ಚುರುಕಾಗಿ ಕರುಳು ಊಟದಿಂದ ಹೆಚ್ಚು ಹೀರುತ್ತದೆ, ಅದೂ ಸಾಲದಿದ್ದರೆ ದೇಹ ಮೂಳೆಯಿಂದಲೇ ತೆಗೆಯುತ್ತದೆ. ಹಿಂದೆ ಬರಗಾಲ ಬಂದಾಗ ಹಗೇವು ತೆಗೆದು ರಾಗಿ ತುಂಬಿಕೊಳ್ಳುತ್ತಿದ್ದರಲ್ಲ, ಹಾಗೆ.

ಹೀಗಿರುವಾಗ "ಬ್ಲಡ್ ಟೆಸ್ಟ್ ಮಾಡಿಸಿದೆ, ಕ್ಯಾಲ್ಸಿಯಂ ನಾರ್ಮಲ್ ಇದೆ, ಮೂಳೆ ಗಟ್ಟಿ ಇದೆ" ಅನ್ನುವುದು ಸರಿಯಲ್ಲ. ಮೂಳೆ ಸವೆಯುತ್ತಿದ್ದರೂ ರಕ್ತದಲ್ಲಿ ನಾರ್ಮಲ್ಲೇ ಕಾಣುತ್ತದೆ. ಮೂಳೆಯ ಗಟ್ಟಿತನ ನೋಡುವುದಕ್ಕೆ ಡೆಕ್ಸಾ ಸ್ಕ್ಯಾನ್ ಅಂತ ಬೇರೆಯೇ ಇದೆ. ಇನ್ನು ಟೆಸ್ಟೂ ಇಲ್ಲದೆ "ನನಗೆ ಕ್ಯಾಲ್ಸಿಯಂ ಕಡಿಮೆ" ಅಂತ ತಾವೇ ತೀರ್ಮಾನ ಮಾಡಿಕೊಂಡವರ ಸಂಖ್ಯೆಯೇ ಹೆಚ್ಚು. ಮಂಡಿ ನೋವಾದರೆ ಕ್ಯಾಲ್ಸಿಯಂ ಕಡಿಮೆ. ಕೈ ಜೋಮು ಹಿಡಿದರೆ ಕ್ಯಾಲ್ಸಿಯಂ ಕಡಿಮೆ. ಉಗುರಲ್ಲಿ ಬಿಳಿ ಚುಕ್ಕೆ ಬಂದರೂ ಕ್ಯಾಲ್ಸಿಯಂ ಕಡಿಮೆ. ಮಂಡಿ ನೋವು ಬಹಳ ಸಲ ಕೀಲಿನ ಸವೆತ, ಅಲ್ಲಿ ಸವೆಯುವುದು ಮೂಳೆ ತುದಿಯ ಮೆತ್ತೆ, ಅದಕ್ಕೂ ಈ ಮಾತ್ರೆಗೂ ಸಂಬಂಧ ಇಲ್ಲ. ಕೈ ಜೋಮಿಗೆ ಶುಗರ್ ಇರಬಹುದು, ಬಿ12 ಕೊರತೆ ಇರಬಹುದು, ಥೈರಾಯ್ಡ್ ಇರಬಹುದು, ಮಣಿಕಟ್ಟಿನಲ್ಲಿ ನರ ಒತ್ತಿರಬಹುದು. ಉಗುರಿನ ಚುಕ್ಕೆ ಸಾಮಾನ್ಯವಾಗಿ ಸುಮ್ನೆ ಎಲ್ಲಾದರೂ ತಗುಲಿದ ಗುರುತು. ಈ ಮಾತ್ರೆ ನುಂಗುತ್ತಾ ಕೂತರೆ ಅಸಲು ಕಾಯಿಲೆ ಒಳಗೇ ಬೆಳೆಯುತ್ತಿರುತ್ತದೆ. ನನ್ನ ಪ್ರಕಾರ ಜಾಸ್ತಿ ಜನಕ್ಕೆ ಆಗುವ ನಷ್ಟ ಇದೇ.

ಕೆಲವರಿಗೆ ಅದಕ್ಕಿಂತ ದೊಡ್ಡದೇ ಆಗುತ್ತದೆ. ನಮ್ಮ ದೊಡ್ಡಮ್ಮನ ವಿಷಯ ಹೇಳುತ್ತೇನೆ. ಕೈವಾರದ ಕಡೆ ಹಳ್ಳಿ, ಅರವತ್ತು ದಾಟಿದ ವಯಸ್ಸು, ಮಂಡಿ ನೋವು, ಬಿಪಿ ಇದೆ. ಒಂದು ಬೇಸಿಗೆಯಲ್ಲಿ ಸುಸ್ತು ಶುರುವಾಯಿತು. ಬಾಯಿ ಒಣಗುವುದು, ಚೊಂಬುಗಟ್ಟಲೆ ನೀರು ಕುಡಿಯುವುದು, ರಾತ್ರಿಯೆಲ್ಲ ಎದ್ದೆದ್ದು ಹೋಗುವುದು. ಶುಗರ್ ಇರಬೇಕು ಅಂತ ಚೆಕ್ ಮಾಡಿಸಿದರು, ಇರಲಿಲ್ಲ. ಮಲಬದ್ಧತೆ ಆಯಿತು, ಊಟ ಸೇರದಾಯಿತು, ವಾಂತಿ ಬಂತು. ಕೊನೆಗೆ ಮಾತು ತಪ್ಪತೊಡಗಿತು. ಬೆಳಗ್ಗೆ ಬಂದು ಹೋದ ಮಗನನ್ನೇ ಸಂಜೆ "ಯಾವಾಗ ಬಂದೆಯೋ" ಅನ್ನುವುದು. ವಯಸ್ಸಾಯಿತು, ಅರಳುಮರಳು ಅಂತ ಮನೆಯವರು ಅಂದುಕೊಂಡರು. ಕೋಲಾರದ ಒಂದು ಆಸ್ಪತ್ರೆಗೆ ಸೇರಿಸಿದಾಗ ರಕ್ತದ ಕ್ಯಾಲ್ಸಿಯಂ 13 ದಾಟಿತ್ತು. ಕ್ರಿಯಾಟಿನಿನ್ ಕೂಡ ಏರಿತ್ತು, ಅಂದರೆ ಕಿಡ್ನಿಗೂ ಪೆಟ್ಟು ಬಿದ್ದಿತ್ತು.

ಏನೇನು ಮಾತ್ರೆ ತಗೊಳ್ತಾರೆ ತಂದು ತೋರಿಸಿ ಅಂದರು ಡಾಕ್ಟರು. ಬಟ್ಟೆ ಅಂಗಡಿ ಕವರಿನ ತುಂಬ ಬಂತು. ನಾನೇ ಬೆಂಚಿನ ಮೇಲೆ ಸುರಿದು ಬೇರೆ ಬೇರೆ ಮಾಡಿದೆ. ಮೂಳೆ ಡಾಕ್ಟರು ಎಂದೋ ಬರೆದಿದ್ದ ಕ್ಯಾಲ್ಸಿಯಂ, ಜೊತೆಗಿದ್ದ ಚೀಟಿಯಲ್ಲಿ ಮೂರು ತಿಂಗಳು ಅಂತ ಸ್ಪಷ್ಟವಾಗಿ ಇತ್ತು. ಆ ಮೂರು ತಿಂಗಳು ಮುಗಿದು ವರ್ಷಗಳಾಗಿದ್ದವು. ಮಗ ಬೆಂಗಳೂರಿನಿಂದ ತಂದುಕೊಟ್ಟ ಇನ್ನೊಂದು ಡಬ್ಬಿ, ಹೆಸರು ಬೇರೆ, ಒಳಗೆ ಅದೇ ಕ್ಯಾಲ್ಸಿಯಂ. ಎದೆ ಉರಿಗೆ ಅಗಿಯುವ ಮಾತ್ರೆ, ಅದರಲ್ಲೂ ಕ್ಯಾಲ್ಸಿಯಂ ಕಾರ್ಬೊನೇಟ್. ವಿಟಮಿನ್ ಡಿ 60,000 ಯೂನಿಟ್ಟಿನ ಪುಡಿ ಪ್ಯಾಕೆಟ್, ವಾರಕ್ಕೆ ಒಂದು ತೆಗೆದುಕೊಳ್ಳಬೇಕಾದ್ದು. "ವಾರಕ್ಕೊಂದಕ್ಕೇ ಮೈ ಹಗುರ ಆಯ್ತು ಕಣಪ್ಪಾ, ಅದಕ್ಕೇ ದಿನಾ ಹಾಲಿಗೆ ಹಾಕ್ಕೊಂಡೆ" ಅಂತ ಆಮೇಲೆ ಹುಷಾರಾದ ಮೇಲೆ ಹೇಳಿತು ದೊಡ್ಡಮ್ಮ. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಾಜೈಡ್ ಸೇರಿತ್ತು. ನೀರು ಇಳಿಸುವ ಈ ಔಷಧಿ ಮೂತ್ರದಲ್ಲಿ ಕ್ಯಾಲ್ಸಿಯಂ ಹೋಗುವುದನ್ನು ಕಡಿಮೆ ಮಾಡುತ್ತದೆ. ಮಾತ್ರೆಗಳನ್ನು ಒಂದೊಂದಾಗಿ ನೋಡಿದರೆ ಯಾವುದೂ ವಿಷವಲ್ಲ. ಎಲ್ಲ ಸೇರಿ ಒಂದೇ ಕಡೆ ತಳ್ಳುತ್ತಿದ್ದವು.

ಸೊಂಟದ ಚೀಲದಲ್ಲಿ ಎಲೆ ಅಡಿಕೆ, ಸುಣ್ಣದ ಡಬ್ಬಿ ಬೇರೆ. ಸುಣ್ಣ ಅಂದರೂ ಕ್ಯಾಲ್ಸಿಯಮ್ಮೇ. ಸುಣ್ಣ ಹಚ್ಚಿ ಜಾಸ್ತಿ ಎಲೆ ಅಡಿಕೆ ಹಾಕುವವರಲ್ಲಿ ಕ್ಯಾಲ್ಸಿಯಂ ಏರಿದ ಪ್ರಕರಣಗಳು ವೈದ್ಯಕೀಯ ಪತ್ರಿಕೆಗಳಲ್ಲಿ ಬಂದಿವೆ.

ಪ್ಯಾರಾಥೈರಾಯ್ಡ್ ಗೆಡ್ಡೆ ಅಥವಾ ಕೆಲವು ಕ್ಯಾನ್ಸರ್‌ಗಳಿಂದಲೂ ಕ್ಯಾಲ್ಸಿಯಂ ಏರುತ್ತದೆ, ಹಾಗಾಗಿ ಅವನ್ನೂ ನೋಡಿದರು. ಪ್ಯಾರಾಥೈರಾಯ್ಡ್ ಹಾರ್ಮೋನ್ ತೀರಾ ಕಡಿಮೆ ಇತ್ತು, ಅಂದರೆ ಗ್ರಂಥಿಗಳು ಸುಮ್ಮನೆ ಕೂತಿದ್ದವು, ಸರಕು ಹೊರಗಿನಿಂದ ಬರುತ್ತಿತ್ತು. ಮಾತ್ರೆ ನಿಲ್ಲಿಸಿ, ಬಿಪಿ ಔಷಧಿ ಬದಲಿಸಿ, ಡ್ರಿಪ್ ಹಾಕಿ ಇಳಿಸಿದರು. ಮನೆಗೆ ಬಂದ ಮೇಲೂ ಬಹಳ ದಿನ ರಕ್ತ ಪರೀಕ್ಷೆ ಮಾಡಿಸುತ್ತಾ ಇರಬೇಕಾಯಿತು. ವಿಟಮಿನ್ ಡಿ ಕೊಬ್ಬಿನಲ್ಲಿ ಕರಗುವಂಥದ್ದು, ಮೈಯಲ್ಲಿ ಸೇರಿಕೊಂಡಿದ್ದು ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯುತ್ತದೆ. ಕ್ಯಾಲ್ಸಿಯಂ ಮಾತ್ರೆಗಿಂತ ಈ 60,000ದ ಬಗ್ಗೆ ನನಗೆ ಭಯ ಜಾಸ್ತಿ. ಬರೆದುಕೊಡುವವರು ಸಾಮಾನ್ಯವಾಗಿ ವಾರಕ್ಕೊಂದರಂತೆ ಎಂಟು ವಾರ ಬರೆಯುತ್ತಾರೆ. ತೆಗೆದುಕೊಳ್ಳುವವರು ದಿನಾ ನುಂಗುವ ಮಾತ್ರೆಗಳ ಜೊತೆ ಅದನ್ನೂ ಸೇರಿಸಿಬಿಡುತ್ತಾರೆ.

ಹಾಲು ಮತ್ತು ಕ್ಷಾರ (ಆಮ್ಲ ತಗ್ಗಿಸುವ ವಸ್ತು) ಸೇರಿ ಹೀಗಾಗುವುದು ಹೊಸದೇನಲ್ಲ. 1915ರಲ್ಲಿ ಅಮೆರಿಕದ ಬರ್ಟ್ರಮ್ ಸಿಪ್ಪಿ ಅನ್ನುವ ವೈದ್ಯರು ಹೊಟ್ಟೆ ಹುಣ್ಣಿಗೆ ಗಂಟೆಗಂಟೆಗೂ ಹಾಲು, ಕೆನೆ, ಜೊತೆಗೆ ಆಮ್ಲ ತಗ್ಗಿಸುವ ಪುಡಿ ಕೊಡುವ ಪದ್ಧತಿ ತಂದರು. ಕೆಲವು ರೋಗಿಗಳಿಗೆ ವಾಂತಿ, ಗೊಂದಲ, ಕಿಡ್ನಿ ತೊಂದರೆ ಬಂತು. ಇದಕ್ಕೆ ಮಿಲ್ಕ್ ಆಲ್ಕಲಿ ಸಿಂಡ್ರೋಮ್ ಅಂತ ಹೆಸರಾಯಿತು. ಹುಣ್ಣಿಗೆ ಒಳ್ಳೆಯ ಮಾತ್ರೆಗಳು ಬಂದ ಮೇಲೆ ಇದು ಹೆಚ್ಚುಕಡಿಮೆ ಕಾಣೆಯಾಗಿತ್ತು. ಈಗ ವಾಪಸ್ ಬಂದಿದೆ, ಕ್ಯಾಲ್ಸಿಯಂ ಕಾರ್ಬೊನೇಟ್ ಮಾತ್ರೆಗಳ ದೆಸೆಯಿಂದ.

ಇನ್ನು ಕಿಡ್ನಿ ಕಲ್ಲು. ನಮ್ಮ ಕಡೆ ಇದಕ್ಕೆ ಎಲ್ಲರೂ ಬೋರ್‌ವೆಲ್ ನೀರನ್ನೇ ಬೈಯುತ್ತಾರೆ. ನೀರು ಕಡಿಮೆ ಕುಡಿದು ಬಿಸಿಲಲ್ಲಿ ದುಡಿಯುವುದು ಅದಕ್ಕಿಂತ ದೊಡ್ಡ ಕಾರಣ. ಮಾತ್ರೆಯ ವಿಷಯಕ್ಕೆ ಬಂದರೆ, ಅಮೆರಿಕದಲ್ಲಿ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಂತ ಒಂದು ದೊಡ್ಡ ಅಧ್ಯಯನ ಆಯಿತು. ಮುಟ್ಟು ನಿಂತ 36,282 ಹೆಂಗಸರಲ್ಲಿ ಅರ್ಧ ಜನಕ್ಕೆ ದಿನಕ್ಕೆ 1000 ಮಿಲಿಗ್ರಾಂ ಕ್ಯಾಲ್ಸಿಯಂ, 400 ಯೂನಿಟ್ ವಿಟಮಿನ್ ಡಿ ಕೊಟ್ಟು ಸರಾಸರಿ 7 ವರ್ಷ ನೋಡಿದರು. 2006ರಲ್ಲಿ ಫಲಿತಾಂಶ ಬಂತು. ಸೊಂಟದ ಮೂಳೆಯ ಸಾಂದ್ರತೆ ತುಸು ಸುಧಾರಿಸಿತ್ತು, ಆದರೆ ಮುರಿತ ಕಡಿಮೆಯಾಯಿತು ಅಂತ ಖಚಿತವಾಗಿ ಹೇಳುವಷ್ಟು ವ್ಯತ್ಯಾಸ ಸಿಗಲಿಲ್ಲ. ಕಿಡ್ನಿ ಕಲ್ಲು ಮಾತ್ರ ನೂರಕ್ಕೆ 17ರಷ್ಟು ಹೆಚ್ಚಾಗಿತ್ತು. ವಿಚಿತ್ರ ಏನೆಂದರೆ ಊಟದಲ್ಲಿ ಬರುವ ಕ್ಯಾಲ್ಸಿಯಂ ಕಲ್ಲನ್ನು ಹೆಚ್ಚಿಸುವುದಿಲ್ಲ, ಕಡಿಮೆಯೇ ಮಾಡುತ್ತದೆ. ಊಟದ ಜೊತೆ ಬಂದಾಗ ಅದು ಕರುಳಿನಲ್ಲೇ ಆಕ್ಸಲೇಟ್ ಅನ್ನುವ, ಕಲ್ಲು ಕಟ್ಟುವ ಅಂಶವನ್ನು ಹಿಡಿದು ಮಲದಲ್ಲಿ ಹೊರಗೆ ಹಾಕುತ್ತದೆ. ಕಲ್ಲಿದೆ ಅಂತ ಮಜ್ಜಿಗೆ ಬಿಟ್ಟವರು ದಯವಿಟ್ಟು ಇದನ್ನು ಇನ್ನೊಂದು ಸಲ ಓದಿ. ಮಾತ್ರೆಯಿಂದ ಹೃದಯಾಘಾತ ಹೆಚ್ಚುತ್ತದಾ ಅನ್ನುವ ಬಗ್ಗೆ ವೈದ್ಯರಲ್ಲೇ ಜಗಳ ಇದೆ. 2010ರಲ್ಲಿ ಬಿಎಂಜೆ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ವಿಶ್ಲೇಷಣೆ ಹೆಚ್ಚುತ್ತದೆ ಅಂದಿತು, ಆಮೇಲಿನ ಕೆಲವು ಒಪ್ಪಲಿಲ್ಲ.

ಬೇರೆ ಮಾತ್ರೆಗಳ ಜೊತೆ ಇದು ಹೇಗೆ ಕಚ್ಚಾಡುತ್ತದೆ ಅನ್ನುವುದು ಅಂಗಡಿಯಲ್ಲಿ ದಿನಾ ಹೇಳಿ ಹೇಳಿ ನನಗೆ ಬಾಯಿಪಾಠ. ಥೈರಾಯ್ಡ್ ಮಾತ್ರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ತಗೊಂಡರೆ ಕ್ಯಾಲ್ಸಿಯಂಗೆ 4 ಗಂಟೆ ಬಿಡಬೇಕು. ಇಲ್ಲದಿದ್ದರೆ ಥೈರಾಯ್ಡ್ ಔಷಧಿ ಮೈಗೆ ಹತ್ತುವುದಿಲ್ಲ, ಥೈರಾಯ್ಡ್ ಟೆಸ್ಟಿನಲ್ಲಿ ಟಿಎಸ್‌ಎಚ್ ಏರುತ್ತದೆ, ಡೋಸ್ ಜಾಸ್ತಿ ಮಾಡುತ್ತಾರೆ, ತಪ್ಪು ಇನ್ನೆಲ್ಲೋ ಇರುತ್ತದೆ. ಸಿಪ್ರೊಫ್ಲಾಕ್ಸಾಸಿನ್, ಡಾಕ್ಸಿಸೈಕ್ಲಿನ್ ತರಹದ ಆಂಟಿಬಯಾಟಿಕ್ ಕೂಡ ಹೀಗೇ ವ್ಯರ್ಥವಾಗುತ್ತದೆ. ಹೃದಯಕ್ಕೆ ಡಿಗಾಕ್ಸಿನ್ ತೆಗೆದುಕೊಳ್ಳುವವರಂತೂ ಡಾಕ್ಟರನ್ನು ಕೇಳದೆ ಕ್ಯಾಲ್ಸಿಯಂ ಮುಟ್ಟಲೇಬಾರದು. ಕಾರ್ಬೊನೇಟ್ ಕರಗುವುದಕ್ಕೆ ಹೊಟ್ಟೆಯ ಆಮ್ಲ ಬೇಕು, ಅದಕ್ಕೇ ಊಟದ ಜೊತೆ ತೆಗೆದುಕೊಳ್ಳಿ ಅನ್ನುವುದು. ನಮ್ಮಲ್ಲಿ ಅರ್ಧ ಜನ ಬೆಳಗಾದರೆ ಗ್ಯಾಸ್ಟ್ರಿಕ್ ಮಾತ್ರೆ ನುಂಗಿ ಆಮ್ಲ ಬರದಂತೆ ಮಾಡಿಕೊಂಡಿರುತ್ತಾರೆ. ಅಂಥವರಿಗೆ ಡಾಕ್ಟರು ಆಮ್ಲ ಇಲ್ಲದೆಯೂ ಕರಗುವ ಕ್ಯಾಲ್ಸಿಯಂ ಸಿಟ್ರೇಟ್ ಬರೆಯಬಹುದು. ಶೀಟಿನ ಹಿಂದೆ 1250 ಅಂತ ದೊಡ್ಡ ಅಂಕಿ ನೋಡಿ ಹೆದರುವವರಿದ್ದಾರೆ, ಖುಷಿ ಪಡುವವರೂ ಇದ್ದಾರೆ. 1250 ಮಿಲಿಗ್ರಾಂ ಕಾರ್ಬೊನೇಟ್‌ನಲ್ಲಿ ನಿಜವಾದ ಕ್ಯಾಲ್ಸಿಯಂ 500. ಒಂದು ಸಲಕ್ಕೆ 500ಕ್ಕಿಂತ ಜಾಸ್ತಿ ನುಂಗಿದರೆ ಹೀರಿಕೊಳ್ಳುವ ಪಾಲು ಕಡಿಮೆಯಾಗುತ್ತಾ ಹೋಗುತ್ತದೆ.

ಹಾಗಾದರೆ ದಿನಕ್ಕೆ ಎಷ್ಟು ಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆ 2020ರಲ್ಲಿ ಹೇಳಿದ ಪ್ರಕಾರ ದೊಡ್ಡವರಿಗೆ 1000 ಮಿಲಿಗ್ರಾಂ, ಹಾಲೂಡಿಸುವ ತಾಯಂದಿರಿಗೆ ಮತ್ತು ಮುಟ್ಟು ನಿಂತವರಿಗೆ 1200. ಇದು ಊಟ, ಹಾಲು, ಮಾತ್ರೆ ಎಲ್ಲ ಸೇರಿ. 100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಇದೆ, ಅಕ್ಕಿಯಲ್ಲಿ ಹತ್ತರ ಆಸುಪಾಸು. ರಾಗಿಯಲ್ಲಿರುವ ಫೈಟೇಟ್ ಅನ್ನುವ ಅಂಶ ಕ್ಯಾಲ್ಸಿಯಂ ಮೈಗೆ ಹತ್ತುವುದಕ್ಕೆ ಸ್ವಲ್ಪ ಅಡ್ಡ ಹಾಕುತ್ತದೆ ನಿಜ, ಮೊಳಕೆ ಕಟ್ಟಿದರೆ ಹುಳಿ ಬರಿಸಿದರೆ ಅದು ತಗ್ಗುತ್ತದೆ. ಒಂದು ಲೋಟ ಹಾಲು ಅಂದರೆ 200 ಮಿಲಿ, ಅದರಲ್ಲಿ 240ರಷ್ಟು. ನುಗ್ಗೆ ಸೊಪ್ಪು, ದಂಟಿನ ಸೊಪ್ಪು, ಹುರುಳಿ, ಎಳ್ಳು ಎಲ್ಲದರಲ್ಲೂ ಚೆನ್ನಾಗಿದೆ. ಪಾಲಕ್‌ನಲ್ಲಿ ಇದ್ದರೂ ಆಕ್ಸಲೇಟ್ ಇರುವುದರಿಂದ ಮೈಗೆ ಸಿಗುವುದು ಕಡಿಮೆ.

ಮುದ್ದೆ, ಹುರುಳಿ ಸಾರು, ಮಜ್ಜಿಗೆ ಅಂದರೆ ನಮ್ಮ ಕಡೆಯ ಊಟವೇ ಅಲ್ವಾ. ಈಗ ಮುದ್ದೆ ಒಂದು ಹೊತ್ತಿಗೆ ಇಳಿದಿದೆ. ಹಾಲಿನ ಕಥೆ ಇನ್ನೂ ಬೇಜಾರು. ಎರಡು ಸೀಮೆ ಹಸು ಕಟ್ಟಿರುತ್ತಾರೆ, ಬೆಳಗ್ಗೆ ಸಂಜೆ ಕ್ಯಾನ್ ತುಂಬ ಡೈರಿಗೆ ಹಾಕುತ್ತಾರೆ, ಮನೆಗೆ ಟೀಗೆ ಅಂತ ಅರ್ಧ ಲೀಟರ್ ಇಟ್ಟುಕೊಂಡರೆ ಹೆಚ್ಚು. ಹಾಲಿನ ಬಟವಾಡೆ ಆದ ದಿನ ಅದೇ ಮನೆಯ ಹೆಂಗಸು ನನ್ನ ಅಂಗಡಿಗೆ ಬಂದು ಆ ದುಡ್ಡಲ್ಲಿ ಕ್ಯಾಲ್ಸಿಯಂ ಮಾತ್ರೆ ಕೊಳ್ಳುತ್ತಾಳೆ. ಸಾಲ, ಮೇವು, ಫೀಡು ಎಲ್ಲದರ ಲೆಕ್ಕ ನನಗೂ ಗೊತ್ತು, ಸುಮ್ನೆ ಬುದ್ಧಿ ಹೇಳುತ್ತಿಲ್ಲ. ಆದರೂ ಮನೆಗೆ ಒಂದು ಲೀಟರ್ ಮೊಸರಿಗೆ ಹಾಕಿಟ್ಟುಕೊಳ್ಳಿ ಅನ್ನುತ್ತೇನೆ.

ನಮ್ಮ ಜಿಲ್ಲೆಗೇ ಸೇರಿದ ಇನ್ನೊಂದು ವಿಷಯ ಇದೆ. ಬಾಗೇಪಲ್ಲಿ, ಗುಡಿಬಂಡೆ, ನಮ್ಮ ಚಿಂತಾಮಣಿ ಕಡೆಯೂ ಸಾವಿರ ಅಡಿ ದಾಟಿದ ಬೋರ್‌ಗಳ ನೀರಿನಲ್ಲಿ ಫ್ಲೋರೈಡ್ ಇದೆ. ತುಮಕೂರು ಜಿಲ್ಲೆಯ ಪಾವಗಡದಲ್ಲೂ ಇದೇ ಗೋಳು. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಜಾಸ್ತಿ ಫ್ಲೋರೈಡ್ ಕುಡಿದರೆ ಮೊದಲು ಮಕ್ಕಳ ಹಲ್ಲಿನಲ್ಲಿ ಕಂದು ಗೆರೆ ಬರುತ್ತದೆ, ಆಮೇಲೆ ದೊಡ್ಡವರ ಕೀಲು ಹಿಡಿಯುತ್ತದೆ, ಬೆನ್ನು ಬಗ್ಗದಂತಾಗುತ್ತದೆ, ಕತ್ತು ತಿರುಗಿಸುವುದಕ್ಕೆ ಇಡೀ ಮೈ ತಿರುಗಿಸಬೇಕಾಗುತ್ತದೆ. ಇಂಥವರೂ ಬಂದು ಕೇಳುವುದು ಮೂಳೆ ಮಾತ್ರೆಯೇ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇದ್ದರೆ ಫ್ಲೋರೈಡ್ ಕಾಟ ಇನ್ನೂ ಜಾಸ್ತಿ ಆಗುತ್ತದೆ ಅನ್ನುವುದು ನಿಜ, ಡಾಕ್ಟರು ನೋಡಿ ಕೊಟ್ಟರೆ ಕೊಡಲಿ. ಆದರೆ ಅದೇ ನೀರು ಕುಡಿಯುತ್ತಾ ಮಾತ್ರೆ ನುಂಗಿದರೆ ಏನು ಬಂತು? ಮೊದಲು ನೀರು ಪರೀಕ್ಷೆ ಮಾಡಿಸಿ. ಊರಿನ ಶುದ್ಧ ನೀರಿನ ಘಟಕ ಕೆಟ್ಟು ನಿಂತಿದ್ದರೆ ಪಂಚಾಯಿತಿಯವರನ್ನು ಬಿಡಬೇಡಿ.

ಇದನ್ನು ಓದಿ ಎಲ್ಲರೂ ಮಾತ್ರೆ ತಿಪ್ಪೆಗೆ ಎಸೆಯಬೇಡಿ ಮತ್ತೆ. ಥೈರಾಯ್ಡ್ ಆಪರೇಷನ್ ಆದವರಲ್ಲಿ ಕೆಲವರ ಪ್ಯಾರಾಥೈರಾಯ್ಡ್‌ಗೆ ಪೆಟ್ಟಾಗಿರುತ್ತದೆ. ಅವರಿಗೆ ಮಾತ್ರೆ ತಪ್ಪಿದರೆ ತುಟಿ ಸುತ್ತ ಜುಮ್ ಅನ್ನುತ್ತದೆ, ಕೈಬೆರಳು ಸೆಟೆದುಕೊಳ್ಳುತ್ತವೆ, ಅದು ತುರ್ತಾಗಿ ಆಸ್ಪತ್ರೆಗೆ ಓಡಬೇಕಾದ ಸ್ಥಿತಿ. ಮೂಳೆ ಸವೆತಕ್ಕೆ ಚಿಕಿತ್ಸೆ ನಡೆಯುತ್ತಿರುವವರು, ಬಹಳ ಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರು, ಕಿಡ್ನಿ ಕಾಯಿಲೆಯವರು, ಇವರೆಲ್ಲ ನಿಲ್ಲಿಸುವುದಾದರೂ ಮುಂದುವರಿಸುವುದಾದರೂ ತಮ್ಮ ಡಾಕ್ಟರನ್ನೇ ಕೇಳಬೇಕು.

ಬಸುರಿಯರಂತೂ ಖಂಡಿತ ಬಿಡಬಾರದು. ಸರ್ಕಾರದಿಂದ ಕೊಡುವ ಮಾತ್ರೆಯಲ್ಲಿ ಕ್ಯಾಲ್ಸಿಯಂ 500 ಮಿಲಿಗ್ರಾಂ, ವಿಟಮಿನ್ ಡಿ 250 ಯೂನಿಟ್ ಇರುತ್ತದೆ, ದಿನಕ್ಕೆ ಎರಡು. ಎಷ್ಟು ದಿನ ಅನ್ನುವುದೂ ಇಲ್ಲಿ ಗೊತ್ತಾಗಿದೆ: 14ನೇ ವಾರದಿಂದ ಹೆರಿಗೆಯಾಗಿ ಆರು ತಿಂಗಳವರೆಗೆ. ಊಟದಲ್ಲಿ ಕ್ಯಾಲ್ಸಿಯಂ ಕಡಿಮೆ ಇರುವ ಕಡೆ ಬಸುರಿಯರ ಬಿಪಿ ಏರಿ ಆಗುವ ಅಪಾಯವನ್ನು ಇದು ತಗ್ಗಿಸುತ್ತದೆ. ಕೊಡುವಾಗ ಆಶಾ ಅಕ್ಕ ರಕ್ತದ ಮಾತ್ರೆಯನ್ನೂ ಕೊಟ್ಟಿರುತ್ತಾರೆ, ಎರಡನ್ನೂ ಒಟ್ಟಿಗೆ ಬಾಯಿಗೆ ಹಾಕಬೇಡಿ, ಕ್ಯಾಲ್ಸಿಯಂ ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಬೆಳಗ್ಗೆ ತಿಂಡಿ ಜೊತೆ ಒಂದು ಕ್ಯಾಲ್ಸಿಯಂ, ರಾತ್ರಿ ಊಟದ ಜೊತೆ ಇನ್ನೊಂದು. ಮಧ್ಯಾಹ್ನ ಊಟ ಆಗಿ ಎರಡು ಗಂಟೆ ಬಿಟ್ಟು ಕಬ್ಬಿಣದ್ದು, ನಿಂಬೆ ಪಾನಕದ ಜೊತೆ ಆದರೆ ಇನ್ನೂ ಒಳ್ಳೆಯದು, ಟೀ ಜೊತೆ ಬೇಡವೇ ಬೇಡ.